ದ್ರಾಕ್ಷಾಯಣಿಗೆ ಹೊದಿಸಿದ ಶಾಲು

ಆನೇಮಹಲ್ಲಿನಲ್ಲಿ ಬಸ್ಸು ನಿಲ್ಲುವ ಕಡೆ ಮೊನ್ನೆ ಒಂದು ಫ್ಲೆಕ್ಸ್ ಕಟ್ಟಿದ್ದರು. ಮೇಲೆ ದ್ರಾಕ್ಷಾಯಣಿಯ ಚಿತ್ರ, ನಡುವೆ 'ದೀನರ ತಾಯಿಗೆ ಭಾವಪೂರ್ಣ ಶ್ರದ್ಧಾಂಜಲಿ' ಎಂಬ ದಪ್ಪ ಅಕ್ಷರ, ಕೆಳಗೆ ಕಟ್ಟಿಸಿದವರ ಕೈಮುಗಿದ ಭಾವಚಿತ್ರ ಮತ್ತು ಹೆಸರು: ಶಾಂತಮಲ್ಲಪ್ಪ, ಕಾಫಿ ಬೆಳೆಗಾರರು. ಚಿತ್ರದಲ್ಲಿ ಅವಳ ಹೆಗಲ ಮೇಲೆ ಜರಿಯಂಚಿನ ಶಾಲು, ತೊಡೆಯ ಮೇಲೆ ಹಣ್ಣಿನ ತಟ್ಟೆ. ಬಸ್ಸಿಗೆ ನಿಂತವರು, "ಏನ್ ಗಂಭೀರವಾಗಿ ಕೂತವ್ಳೆ ನೋಡು" ಎಂದು ಮೆಚ್ಚಿಕೊಳ್ಳುತ್ತಿದ್ದರು.

ಅದು ಗಾಂಭೀರ್ಯವಲ್ಲ. ಆ ಚಿತ್ರ ತೆಗೆಯುವುದಕ್ಕೆ ಸ್ವಲ್ಪ ಮುಂಚೆ ಅವಳಿಗೆ ಒಂದು ಸುದ್ದಿ ತಿಳಿದಿತ್ತು, ಅದೂ ಮೈಕಿನಲ್ಲಿ, ಇಡೀ ಊರಿನ ಎದುರಿಗೆ. ಆ ಸುದ್ದಿ ಏನೆಂದು ಫ್ಲೆಕ್ಸಿನಲ್ಲಿ ಬರೆದಿಲ್ಲ. ಹಾಗಾಗಿ ಇಲ್ಲಿ ಬರೆಯಬೇಕಾಗಿದೆ.

ದ್ರಾಕ್ಷಾಯಣಿ ಆಲೂರು ಕಡೆಯ ಲಿಂಗಾಯತ ಒಕ್ಕಲು ಮನೆಯ ಹೆಣ್ಣು. ಮದುವೆಯಾಗಿ ಬಂದದ್ದು ಆನೇಮಹಲ್ಲಿನ ದೇವೀರಪ್ಪನಿಗೆ. ಅವನಿಗೆ ಹೆದ್ದಾರಿಯ ಪಕ್ಕದಲ್ಲೇ ಒಂದು ಹಿಟ್ಟಿನ ಮಿಲ್ಲಿತ್ತು. ತೊಂಬತ್ನಾಲ್ಕರಲ್ಲಿ ದೇವೀರಪ್ಪ ಕಾಮಾಲೆಯಿಂದ ತೀರಿಹೋದ. ಮಕ್ಕಳಿರಲಿಲ್ಲ. ಮಿಲ್ಲು ಮಾರಿ ತವರಿಗೆ ಹೋಗುತ್ತಾಳೆಂದು ಎಲ್ಲರೂ ಅಂದುಕೊಂಡಿದ್ದರು. ಅವಳು ತಿಥಿ ಮುಗಿದ ವಾರವೇ ಸೆರಗು ಬಿಗಿದು ಬೆಲ್ಟು ಏರಿಸಿ ಯಂತ್ರ ಶುರು ಮಾಡಿದಳು. ಸವೆದು ನುಣುಪಾದ ಬೀಸುವ ಕಲ್ಲಿಗೆ ಉಳಿಯಿಂದ ಮುಳ್ಳು ಹೊಡೆದು ಮತ್ತೆ ತರಿ ಮಾಡುವುದನ್ನೂ ಕಲಿತಳು. ಸಂಜೆಯ ಹೊತ್ತಿಗೆ ಹುಬ್ಬು, ರೆಪ್ಪೆ, ತಲೆಗೂದಲೆಲ್ಲ ಬಿಳಿ. "ನಾನು ದಿನಾ ಮುದ್ಕಿ ಆಗಿ ಮನೆಗೆ ಹೋಗ್ತೀನಿ ಕಣ್ರೀ, ತಣ್ಣೀರು ಹುಯ್ಕಂಡ್ರೆ ಮತ್ತೆ ಹುಡ್ಗಿ" ಎಂದು ತಾನೇ ನಗುತ್ತಿದ್ದಳು.

ಎರಡು ಸಾವಿರದ ಒಂದನೇ ಇಸವಿ ಕಾಫಿಗೆ ಬೆಲೆಯೇ ಇಲ್ಲದ ವರ್ಷ. ಕೊಯ್ದರೆ ಕೂಲಿಯೂ ಹುಟ್ಟುವುದಿಲ್ಲವೆಂದು ಕೆಲವರು ಹಣ್ಣನ್ನು ಗಿಡದಲ್ಲೇ ಬಿಟ್ಟರು. ದೊಡ್ಡ ಎಸ್ಟೇಟುಗಳು ಆಳು ಕಡಿಮೆ ಮಾಡಿದವು. ಲೈನು ಎಂದರೆ ಎಸ್ಟೇಟಿನ ಕೂಲಿಗಳ ಸಾಲುಮನೆ, ಕೆಲಸಕ್ಕೆ ಅಂಟಿಕೊಂಡ ಮನೆ. ಕೆಲಸ ಹೋದರೆ ಮನೆಯೂ ಹೋಯಿತು. ಹೆಗ್ಗದ್ದೆಯ ಮೇಲಿನ ಒಂದು ಎಸ್ಟೇಟಿನಲ್ಲಿ ಮುದುಕರು ಕದಲದೆ ಕೂತದ್ದಕ್ಕೆ ಲೆಕ್ಕ ಬರೆಯುವ ರೈಟರು ಸೂರಿಗೆ ಆಳು ಹತ್ತಿಸಿ ಹೆಂಚು ಇಳಿಸಿಬಿಟ್ಟಿದ್ದ. ಆಕಾಶ ಕಾಣುವ ಮನೆಯಲ್ಲಿ ಎಷ್ಟು ದಿನ ಕೂರುತ್ತಾರೆ?

ಹಾಗೆ ಇಳಿದು ಬಂದವಳು ದೇವೀರಮ್ಮ ಎಂಬ ಕೂಲಿ ಮುದುಕಿ. ಒಂದು ಮಧ್ಯಾಹ್ನ ಕರೆಂಟು ಹೋಗಿ ಮಿಲ್ಲು ನಿಂತಿತ್ತು. ಒಳಗೆ ಬಂದ ಈ ಮುದುಕಿ ಏನೂ ಕೇಳದೆ ಪೊರಕೆ ತೆಗೆದುಕೊಂಡು ಯಂತ್ರದ ಸುತ್ತ ಉದುರಿದ್ದ ಹಿಟ್ಟು ಗುಡಿಸತೊಡಗಿದಳು.

"ಯಾಕವ್ವ, ನಿಂಗ್ಯಾರು ಹೇಳಿದ್ರು ಗುಡ್ಸು ಅಂತ?" ದ್ರಾಕ್ಷಾಯಣಿ ಕೇಳಿದಳು.

"ಗುಡ್ಸಿದ್ದು ನಾ ತಗಂಡೋಗ್ಲಾ?"

"ದನಕ್ಕಾ? ಕಲ್ಲಿನ ಪುಡಿ ಸೇರ್ಕಂಡಿರ್ತೈತೆ, ಸೋಸಿ ಹಾಕು."

ಮುದುಕಿ ತಲೆ ಎತ್ತಲಿಲ್ಲ. ಹೊರಗೆ ಮೆಟ್ಟಿಲ ಮೇಲೆ ಗಂಟು ಇಟ್ಟುಕೊಂಡು ಕೂತಿದ್ದ ಮುದುಕನೊಬ್ಬ ಉತ್ತರ ಕೊಟ್ಟ: "ಹೂಂ ಕಣ್ರವ್ವ, ದನಕ್ಕೇ. ಎಲ್ಡು ಕಾಲಿನ ದನ. ಒಂದು ಅವ್ಳು, ಒಂದು ನಾನು."

ಅವನು ದಾಸಯ್ಯ. ಅದೇ ಎಸ್ಟೇಟಿನಲ್ಲಿ ಮೂವತ್ತು ವರ್ಷ ಮರಗಸಿ, ಅಂದರೆ ನೆರಳಿನ ಮರ ಹತ್ತಿ ಕೊಂಬೆ ಸವರುವ ಕೆಲಸ, ಮಾಡಿದವನು. ದೇವೀರಮ್ಮನಿಗೆ ಗಂಡನೂ ಅಲ್ಲ, ನೆಂಟನೂ ಅಲ್ಲ. ಒಂದೇ ಲೈನಿನವನು, ಅಷ್ಟೇ. ದ್ರಾಕ್ಷಾಯಣಿ ಪೊರಕೆ ಕಸಿದುಕೊಂಡಳು. ಅವತ್ತು ಮಿಲ್ಲಿನ ಹಿಂದಿನ ಒಲೆಯ ಮೇಲೆ ಮೂವರಿಗೆ ಮುದ್ದೆ ಬೆಂದಿತು.

ಮುಂದೆ ಮೂವರು ಐವರಾದರು, ಐವರು ಹತ್ತಾದರು. ದೋಣಿಗಲ್ಲಿನ ಕಡೆಯಿಂದಲೂ ಇಬ್ಬರು ಹತ್ತಿ ಬಂದರು. ಊಟಕ್ಕೆ ಅವಳು ಕಂಡುಕೊಂಡ ದಾರಿ ಸರಳ. ಕಲ್ಲಿನ ಪಕ್ಕದಲ್ಲಿ ಒಂದು ಎಣ್ಣೆ ಡಬ್ಬ ಇಟ್ಟಳು. ರಾಗಿ ಬೀಸಿಸಲು ಬಂದವರು ಸುರಿಯುವ ಮುಂಚೆ ತಮ್ಮ ಕೈಯಿಂದಲೇ ಒಂದು ಹಿಡಿ ಅದಕ್ಕೆ ಹಾಕಬೇಕು. ಅವಳಾಗಿ ಯಾರ ಚೀಲಕ್ಕೂ ಕೈ ಹಾಕುವುದಿಲ್ಲ, ಹಾಕದವರನ್ನು ಕೇಳುವುದಿಲ್ಲ. ಕೆಲವೇ ದಿನಕ್ಕೆ ಅದು ಊರಿನ ರೂಢಿಯಾಯಿತು. ಚಿಕ್ಕ ಕೈಯ ಹಿಡಿ ದೊಡ್ಡ ಪುಣ್ಯ ಎಂದು ಹೆಂಗಸರು ಕಂಕುಳ ಕೂಸಿನ ಕೈಯಿಂದ ಹಾಕಿಸುತ್ತಿದ್ದರು. ಜಿಪುಣಿ ಎಂದೇ ಹೆಸರಾದ ಎದುರು ಮನೆ ರಾಜಲಕ್ಷ್ಮಮ್ಮ ಕೂಡ ಹಾಕುತ್ತಿದ್ದಳು, ಬೆರಳ ಸಂದಿಯಿಂದ ಅರ್ಧ ವಾಪಸು ಚೀಲಕ್ಕೇ ಉದುರುವ ಹಾಗೆ.

ಸೂರು ಕೊಟ್ಟವರು ಶಾಂತಮಲ್ಲಪ್ಪನವರು. ಮಿಲ್ಲಿಗೆ ಅಂಟಿಕೊಂಡ ಹಾಗೆ ಕಾಫಿ ಮೂಟೆ ಕೂಡಿಡುವ ಅವರ ಹಳೆಯ ಸ್ಟೋರ್ ಇತ್ತು. ಬೆಲೆ ಬಿದ್ದ ಮೇಲೆ ಅದರಲ್ಲಿ ಹೆಗ್ಗಣ ಬಿಟ್ಟರೆ ಇನ್ನೇನೂ ಇರಲಿಲ್ಲ. ಅವರು ದೇವೀರಪ್ಪನ ಜೊತೆ ಓದಿದವರು. ಅವನು ಸತ್ತಾಗ ಹೆಗಲು ಕೊಟ್ಟವರು. ದ್ರಾಕ್ಷಾಯಣಿಗೆ ಅವರು ಅಣ್ಣ, ಅವರಿಗೆ ಅವಳು ತಂಗಿ. ಕೇಳಿದ ಕೂಡಲೇ ಬೀಗದ ಕೈ ಕೊಟ್ಟರು. "ಇದನ್ನೂ ಕೇಳ್ಬೇಕಾ ತಂಗಿ? ಹೆಗ್ಗಣಕ್ಕೆ ಕೊಟ್ಟಿರೋ ಜಾಗ, ಮನುಷ್ಯರಿಗೆ ಕೊಡಕ್ಕಾಗಲ್ವಾ?" ಅವತ್ತು ಅವರ ಕಣ್ಣಲ್ಲಿ ನೀರಿತ್ತು. ಅದು ಸುಳ್ಳು ನೀರೆಂದು ಅವಳು ಕೊನೆಯವರೆಗೂ ಹೇಳಲಿಲ್ಲ. ಅವಳ ಸಂಕಟ ಇದ್ದದ್ದೇ ಅಲ್ಲಿ.

ಎರಡು ವರ್ಷ ಕಳೆದ ಮೇಲೆ ಬೆಂಗಳೂರಿನ ಒಂದು ಧರ್ಮಾರ್ಥ ಸಂಸ್ಥೆಯಿಂದ ಸೌಜನ್ಯ ಎಂಬ ಹುಡುಗಿ ಬಂದಳು. ಲೈನು ಬಿಟ್ಟ ಕೂಲಿಗಳ ಬಗ್ಗೆ ಪತ್ರಿಕೆಯಲ್ಲಿ ಓದಿ ಹುಡುಕಿಕೊಂಡು ಬಂದಿದ್ದಳು. ಮುದುಕರ ಜೊತೆ ಚಾಪೆಯ ಮೇಲೆ ಕೂತು ಮುದ್ದೆ ನುಂಗಲು ಹೋಗಿ ಗಂಟಲಿಗೆ ಸಿಕ್ಕಿಸಿಕೊಂಡಳು. ದಾಸಯ್ಯ ಬೆನ್ನು ತಟ್ಟಿ, "ಅಗೀಬ್ಯಾಡ ಕಣವ್ವ, ಜಾರುಸ್ಬೇಕು. ಬೆಂಗ್ಳೂರ್ನಾಗೆ ಕಲ್ಸಿಲ್ವಾ ಇದ್ನ?" ಎಂದ. ಒಳ್ಳೆಯ ಹುಡುಗಿ. ಸಂಸ್ಥೆಯಿಂದ ಗ್ರಾಂಟು ಕೊಡಿಸುತ್ತೇನೆಂದಳು: ಸ್ಟೋರಿಗೆ ಗಟ್ಟಿ ಸೂರು, ಬಚ್ಚಲು, ಪಾಯಿಖಾನೆ, ಅಡುಗೆಮನೆ, ಮತ್ತೆ ಮೂರು ವರ್ಷದ ಊಟದ ಖರ್ಚು. ಒಂದೇ ಒಂದು ಸಂಗತಿ ಕೇಳಿದಳು. ಕಟ್ಟಡ ಬೇರೆಯವರದ್ದಾದ್ದರಿಂದ ಮಾಲೀಕರು ಇಷ್ಟು ವರ್ಷಕ್ಕೆಂದು ಕರಾರು ಬರೆದುಕೊಡಬೇಕು.

ಈ ಮಾತು ಶಾಂತಮಲ್ಲಪ್ಪನವರ ಜಗಲಿಯಲ್ಲಿ ಬಂತು. ಅವರ ಮುಖ ನೊಂದವರ ಹಾಗಾಯಿತು. ಆಮೇಲೆ ಅಂಗಿಯ ಗುಂಡಿ ಬಿಚ್ಚಿ ಕೊರಳಿನ ಕರಡಿಗೆ ಹೊರತೆಗೆದು, ಇಷ್ಟಲಿಂಗವನ್ನು ಎಡ ಅಂಗೈಯಲ್ಲಿಟ್ಟು ಬಲಗೈ ಮುಚ್ಚಿ ಹೇಳಿದರು: "ನನ್ನ ಉಸಿರಿರೋ ತಂಕ ಆ ಸ್ಟೋರು ನನ್ ತಂಗಿ ಕೂಡಿಸಿದ ಜನಕ್ಕೆ. ಇದಕ್ಕಿಂತ ದೊಡ್ಡ ಕಾಗ್ದ ನನ್ ಹತ್ರ ಇಲ್ಲಮ್ಮ."

ಸೌಜನ್ಯಳಿಗೆ ಇದು ಅರ್ಥವಾಗಲಿಲ್ಲ. ಕರಾರೂ ಒಂದಿರಲಿ ಸಾರ್ ಎಂದು ಮೆಲ್ಲಗೆ ಹೇಳಿದಳು. ಆಗ ಮಾತಾಡಿದ್ದು ದ್ರಾಕ್ಷಾಯಣಿ. ಲಿಂಗ ಮುಟ್ಟಿದವರ ಎದುರಿಗೆ ಛಾಪಾ ಕಾಗದ ಹಿಡಿಯುವುದೆಂದರೆ ಅವಳ ಮಟ್ಟಿಗೆ ಆ ಮನುಷ್ಯನ ಮುಖಕ್ಕೆ ಉಗುಳಿದಂತೆ. ನಾಚಿಕೆಯಿಂದ ಅವಳ ಕಿವಿ ಬಿಸಿಯಾಗಿತ್ತು. "ಬ್ಯಾಡ ಕಣಮ್ಮ. ನಮ್ಮಲ್ಲಿ ಇದಾದ್ಮೇಲೆ ಕಾಗ್ದ ಕೇಳಲ್ಲ. ನಿಮ್ಮೋರಿಗೆ ಹೇಳು, ಜವಾಬ್ದಾರಿ ನಂದು ಅಂತ." ಸೌಜನ್ಯ ಬೆಂಗಳೂರಿನಲ್ಲಿ ಮೇಲಿನವರ ಜೊತೆ ಎಷ್ಟೋ ವಾದಿಸಿ ಒಪ್ಪಿಸಿದಳಂತೆ. ದ್ರಾಕ್ಷಾಯಣಿಯ ಮಾತಿನ ಮೇಲೆ ಗ್ರಾಂಟು ಬಂತು. ಅದನ್ನು ನೋಡಿಕೊಳ್ಳಲು ಮಾಡಿದ ಸಮಿತಿಗೆ ಶಾಂತಮಲ್ಲಪ್ಪನವರೇ ಅಧ್ಯಕ್ಷರಾದರು.

ಗ್ರಾಂಟಿನ ಜೊತೆ ಒಂದು ನಿಯಮವೂ ಬಂತು. ಊಟದ ಸಾಮಾನೆಲ್ಲ ರಸೀದಿಯಿಟ್ಟು ಕೊಳ್ಳಬೇಕು, ಜನರಿಂದ ಎತ್ತಬಾರದು. ದ್ರಾಕ್ಷಾಯಣಿ ಕಲ್ಲಿನ ಪಕ್ಕದ ಡಬ್ಬ ತೆಗೆದು ಅಟ್ಟಕ್ಕೆ ಹಾಕಿದಳು. "ಇನ್ ಮ್ಯಾಕೆ ಬ್ಯಾಡ ಕಣ್ರೀ, ನಮ್ಗೆ ಗ್ರಾಂಟು ಬಂದೈತೆ" ಎಂದು ಬಂದವರಿಗೆಲ್ಲ ಖುಷಿಯಿಂದಲೇ ಹೇಳಿದಳು. ಅವರ ಹೊರೆ ಇಳಿಸಿದೆ ಎಂದುಕೊಂಡಿದ್ದಳು. ಹಿಡಿ ರಾಗಿ ಕೈಯಲ್ಲಿ ಹಿಡಿದು ನಿಂತಿದ್ದ ರಾಜಲಕ್ಷ್ಮಮ್ಮ, "ಹಂಗಾರೆ ನಮ್ ರಾಗಿ ಈಗ ರುಚಿಯಿಲ್ಲ ಅನ್ನು" ಎಂದು ಕೈ ಕೊಡವಿ ಹೋದಳು. ಅದನ್ನು ತಮಾಷೆ ಎಂದುಕೊಂಡು ದ್ರಾಕ್ಷಾಯಣಿ ನಕ್ಕಳು.

ಆ ಮೂರು ವರ್ಷ ಚೆನ್ನಾಗಿತ್ತು. ತಗಡು ಹೋಗಿ ತಾರಸಿ ಬಂತು. ನೆಲಕ್ಕೆ ಕೆಂಪು ಗಾರೆ. ಬಚ್ಚಲಲ್ಲಿ ಬಿಸಿನೀರಿನ ಹಂಡೆ. ದೇವೀರಮ್ಮ ಜೀವಮಾನದಲ್ಲಿ ಮೊದಲ ಸಲ ಬಾಗಿಲು ಹಾಕಿಕೊಂಡು ಸ್ನಾನ ಮಾಡಿ, ಹೊರಗೆ ಬಂದು ಬಿಸಿಲಲ್ಲಿ ಕೂತಿದ್ದಳು. ದಾಸಯ್ಯನಿಗೆ ಒಂದೇ ಕೊರತೆ. ಲಿಂಗಾಯತರ ಅಡುಗೆಮನೆಯಲ್ಲಿ ಕೋಳಿ ಹಾಗಿರಲಿ, ಮೊಟ್ಟೆಯೂ ಇಲ್ಲ. "ಅಮ್ಮಾರೇ, ಇಷ್ಟೆಲ್ಲಾ ಮಾಡೋ ಈ ಗ್ರಾಂಟು ವಾರಕ್ಕೊಂದು ಮೊಟ್ಟೆ ಇಡಕ್ಕಾಗಲ್ವಾ?" ಎಂದು ಅವಳನ್ನು ಕಾಡುತ್ತಿದ್ದ. ಅವಳು ಸೌಟು ಎತ್ತಿದರೆ ಹಲ್ಲಿಲ್ಲದ ಬಾಯಿ ತೆರೆದು ನಗುತ್ತಿದ್ದ. ಮೂರು ವರ್ಷ ಮುಗಿದ ಮೇಲೆ ಊಟದ ಖರ್ಚು ಮುಂದುವರಿಸುವ ಬಗ್ಗೆ ಸಂಸ್ಥೆಯವರು ಯೋಚಿಸುತ್ತಾರೆ, ನಿಮಗೆ ಇಷ್ಟವಿದ್ದರೆ ಸಾಕು ಎಂದು ಸೌಜನ್ಯ ಹೇಳಿ ಹೋಗಿದ್ದಳು.

ಇಷ್ಟರಲ್ಲಿ ಘಟ್ಟಕ್ಕೆ ಬೆಂಗಳೂರಿನ ಕಾರುಗಳು ಬರತೊಡಗಿದ್ದವು. ಶನಿವಾರ ಬಂದು ಭಾನುವಾರ ಹೋಗುವ ಜನ. ಒಂದು ರಾತ್ರಿ ಮಲಗುವುದಕ್ಕೆ ಅವರು ಕೊಡುವ ಬಾಡಿಗೆ ಕೇಳಿ ಬೆಳೆಗಾರರು ಮೂಗಿನ ಮೇಲೆ ಬೆರಳಿಡುತ್ತಿದ್ದರು.

ಎರಡು ಸಾವಿರದ ಆರರ ಶ್ರಾವಣದಲ್ಲಿ ಶಾಂತಮಲ್ಲಪ್ಪನವರು ಸ್ಟೋರಿನ ಮುಂದೆ ಶಾಮಿಯಾನ ಹಾಕಿಸಿದರು. ತಂಗಿಗೆ ಒಂದು ಸನ್ಮಾನ ಮಾಡಬೇಕು, ಸಂಸ್ಥೆಯವರೂ ಬರುತ್ತಾರೆ, ಬೇಡ ಅನ್ನಬೇಡ ಎಂದರು. ದ್ರಾಕ್ಷಾಯಣಿ ನಾಚಿಕೊಂಡೇ ಒಪ್ಪಿದಳು. ಮುದುಕರೆಲ್ಲ ಒಗೆದ ಬಟ್ಟೆ ಹಾಕಿಕೊಂಡು ಮುಂದಿನ ಸಾಲಿನಲ್ಲಿ ಕೂತರು. ಅವಳನ್ನು ಕುರ್ಚಿಯ ಮೇಲೆ ಕೂರಿಸಿ ಶಾಲು ಹೊದಿಸಿ, ಹಣ್ಣಿನ ತಟ್ಟೆ ಕೊಟ್ಟು, ಅಧ್ಯಕ್ಷರು ಮೈಕಿಗೆ ಬಂದರು.

"ಈ ತಾಯಿ ತನ್ನ ಶಕ್ತಿ ಮೀರಿ ದುಡಿದಿದ್ದಾಳೆ. ಈಗ ವಯಸ್ಸಾಯಿತು. 'ಅಣ್ಣಾ, ಇನ್ನು ನನ್ನ ಕೈಲಾಗುವುದಿಲ್ಲ, ಬಿಡುಗಡೆ ಮಾಡಿಸು' ಎಂದು ನನ್ನ ಹತ್ತಿರ ಕಣ್ಣೀರು ಹಾಕಿದಳು. ಅವಳ ಇಚ್ಛೆಯನ್ನು ಗೌರವಿಸಿ ನಾವು ಈ ಕೇಂದ್ರವನ್ನು ಮುಕ್ತಾಯಗೊಳಿಸುತ್ತಿದ್ದೇವೆ. ಇಲ್ಲಿರುವ ಹಿರಿಯರನ್ನು ದೀಪಾವಳಿಯೊಳಗೆ ಅವರವರ ಬಂಧುಗಳ ಮನೆಗೆ ಗೌರವದಿಂದ ಕಳಿಸಿಕೊಡಲಾಗುವುದು."

ಜನ ಚಪ್ಪಾಳೆ ತಟ್ಟಿದರು. ಸೌಜನ್ಯಳ ಕಣ್ಣು ತುಂಬಿತ್ತು, ಅವಳೂ ತಟ್ಟಿದಳು. ಮುಂದಿನ ಸಾಲಿನಲ್ಲಿ ದಾಸಯ್ಯ ಮಾತ್ರ ದ್ರಾಕ್ಷಾಯಣಿಯ ಮುಖ ನೋಡುತ್ತಿದ್ದ. ಹೌದಾ, ನೀನೇ ಹೀಗಂದೆಯಾ ಎಂದು ಕೇಳುವ ನೋಟ.

ದ್ರಾಕ್ಷಾಯಣಿ ಎದ್ದು ನಿಂತು ಅದು ಸುಳ್ಳು ಎನ್ನಬೇಕಿತ್ತು. ತೊಡೆಯ ಮೇಲೆ ತಟ್ಟೆ ಇತ್ತು, ಮೈಮೇಲೆ ಶಾಲಿತ್ತು. ಹೊದಿಸಿದ ಶಾಲು ಕಿತ್ತೆಸೆದು ಕೂಗುವ ಹೆಂಗಸಲ್ಲ ಅವಳು. ಅದಕ್ಕಿಂತ ಹೆಚ್ಚಾಗಿ, ಅಣ್ಣ ಏನೋ ತಪ್ಪು ತಿಳಿದಿದ್ದಾರೆ, ಕೆಳಗಿಳಿದ ಮೇಲೆ ಸರಿಮಾಡಬಹುದು ಎಂದು ಮನಸ್ಸಿನ ಒಂದು ಮೂಲೆ ಆಗಲೂ ಹೇಳುತ್ತಿತ್ತು. ಅಷ್ಟರಲ್ಲಿ ಫೋಟೋದವನು, "ಅಮ್ಮ, ಈ ಕಡೆ ನೋಡಿ" ಎಂದ. ನೋಡಿದಳು.

ಮಾರನೆಯ ಬೆಳಿಗ್ಗೆ ಅವಳು ಅವರ ಜಗಲಿಗೆ ಹೋದಳು. ಶಾಂತಮಲ್ಲಪ್ಪನವರು ಕಾಫಿ ತರಿಸಿದರು. ಅವಳು ಮುಟ್ಟಲಿಲ್ಲ.

"ನಾನ್ಯಾವಾಗ ಅತ್ತಿದ್ದೆ ಅಣ್ಣಾ, ನಿಮ್ ಹತ್ರ?"

"ಸಭೆ ಅಂದ್ಮೇಲೆ ಒಂದು ಮಾತು ಚೆನ್ನಾಗಿ ಹೇಳ್ಬೇಕಾಗ್ತೈತೆ ತಂಗಿ. ಅವರು ಮೂರು ವರ್ಷಕ್ಕೆ ಅಂತಾನೇ ಕೊಟ್ಟಿದ್ದು. ಮುಗೀತು. ನಾನೂ ಎಷ್ಟು ದಿನ ಅಂತ ಸುಮ್ನಿರ್ಲಿ? ತಾರಸಿ ಐತೆ, ಬಚ್ಚಲೈತೆ, ರೋಡಿನ ಪಕ್ಕ ಐತೆ. ಕಾರಿನೋರು ಈಗ್ಲೇ ಬಾಡಿಗೆಗೆ ಕೇಳ್ತಾವ್ರೆ."

"ಅದನ್ನೆಲ್ಲ ಕಟ್ಸಿದ್ದು ಅವರ ದುಡ್ಡು. ಅದೂ ಈ ಜನಕ್ಕೆ ಅಂತ."

"ಜಾಗ ನಂದಲ್ವಾ ಮಾರಾಯ್ತಿ?"

"ನೀವು ಲಿಂಗ ಮುಟ್ಟಿದ್ರಿ."

ಅವರು ಲೋಟದೊಳಗೆ ನೋಡಿದರು. "ಕಷ್ಟದ ಕಾಲದಲ್ಲಿ ಆಡಿದ ಮಾತು ಅದು. ಕಷ್ಟ ಮುಗೀತಲ್ಲ."

"ಯಾರದ್ದು ಮುಗೀತು?"

ಅವರು ಒಂದು ಉಪಕಾರ ಮಾಡಹೋದರು: "ನೀನೇನು ಯೋಚ್ನೆ ಮಾಡ್ಬ್ಯಾಡ. ಅಡುಗೆಮನೆ ಉಸ್ತುವಾರಿ ನಿಂಗೇ ಕೊಡ್ತೀನಿ. ಮಲ್ನಾಡ್ ಊಟ ಅಂದ್ರೆ ಆ ಜನ ಪ್ರಾಣ ಬಿಡ್ತಾರೆ." ಅವಳು ಎದ್ದು ಬಂದಳು. ಬದುಕಿರುವವರೆಗೆ ಮತ್ತೆ ಆ ಜಗಲಿ ಹತ್ತಲಿಲ್ಲ. ಅಣ್ಣ ಎಂಬ ಶಬ್ದವನ್ನೂ ಆಮೇಲೆ ಯಾರಿಗೂ ಬಳಸಲಿಲ್ಲ. ಬಸ್ಸಿನ ಕಂಡಕ್ಟರಿಗೂ 'ಸ್ವಾಮಿ' ಎನ್ನುತ್ತಿದ್ದಳು.

ಟೆಲಿಫೋನ್ ಬೂತಿನಿಂದ ಸೌಜನ್ಯಳಿಗೆ ಫೋನ್ ಮಾಡಿದಳು. ಆ ಹುಡುಗಿ ಎಲ್ಲ ಕೇಳಿಸಿಕೊಂಡು ಅತ್ತಳು. ಮುಂದಿನ ವರ್ಷದ ಗ್ರಾಂಟನ್ನು ಆಗಲೇ ಬೇರೆ ಜಿಲ್ಲೆಗೆ ಕೊಟ್ಟಾಗಿದೆ ಎಂದಳು. ಕಟ್ಟಡದ ವಿಷಯ ಬಂದಾಗ, "ಕಾಗದ ಬೇಡ ಅಂದಿದ್ದು ನೀವೇ ಅಲ್ವಾ ಅಮ್ಮ" ಎಂದಳು. ಬೈದು ಹೇಳಿದ್ದಲ್ಲ. ಬೈದಿದ್ದರೆ ಎಷ್ಟೋ ಸುಲಭವಿತ್ತು.

ಇನ್ನು ಉಳಿದದ್ದು ಊರು. ಅವಳು ಅಟ್ಟದಿಂದ ಡಬ್ಬ ಇಳಿಸಿ, ತೊಳೆದು, ಕಲ್ಲಿನ ಪಕ್ಕ ಇಟ್ಟಳು. ಜನ ಬಂದರು, ರಾಗಿ ಸುರಿದರು, ಡಬ್ಬದ ಕಡೆ ನೋಡದೆ ಹೋದರು. ಮೂರು ವರ್ಷದಲ್ಲಿ ಕೈ ಆ ರೂಢಿಯನ್ನು ಮರೆತಿತ್ತು ಎನ್ನೋಣ. ಆದರೆ ಅಷ್ಟೇ ಆಗಿರಲಿಲ್ಲ. ರಾಜಲಕ್ಷ್ಮಮ್ಮ ಬಾಯಿ ಬಿಟ್ಟು ಕೇಳಿದಳು: "ಲಾರಿಗಟ್ಲೆ ದುಡ್ಡು ಬಂತಂತೆ. ಎಲ್ಲ ಎತ್ತಾಗೆ ಹೋಯ್ತು ದ್ರಾಕ್ಷಾಯಣಿ?"

"ಯಾರಂದ್ರು ಹಂಗೆ?"

"ಯಾರಾದ್ರೇನು? ಅಧ್ಯಕ್ಷರನ್ನ ಕೇಳಿದ್ರೆ ಅವ್ರು, 'ಹೋಗ್ಲಿ ಬಿಡಿ, ಹೆಣ್ಣೆಂಗ್ಸು' ಅಂದ್ರಪ್ಪ. ಅಂಥ ದೊಡ್ಡೋರು ಮಾನ ಮುಚ್ತಾವ್ರೆ ಅಂದ್ರೆ ಏನೋ ಇರ್ಲೇಬೇಕು."

ದ್ರಾಕ್ಷಾಯಣಿ ಬೆಲ್ಟು ಏರಿಸಿದಳು. ಕಲ್ಲಿನ ಸದ್ದಿನಲ್ಲಿ ಮುಂದಿನ ಮಾತು ಕೇಳಿಸದಂತಾಯಿತು. ಆ ಹೆಂಗಸಿನ ರಾಗಿಯನ್ನು ಎಂದಿಗಿಂತ ನುಣ್ಣಗೆ ಬೀಸಿ ಕೊಟ್ಟಳು. ಮನೆಗೆ ಬಂದು ಹಸಿವಿಲ್ಲವೆಂದು ಮಲಗಿದಳು.

ದೀಪಾವಳಿ ಹತ್ತಿರ ಬಂತು. ದೋಣಿಗಲ್ಲಿನ ಇಬ್ಬರನ್ನು ಅವರ ಸೋದರಳಿಯ ಕರೆದುಕೊಂಡು ಹೋದ. ಒಬ್ಬಳು ಹೇಳದೆ ಹೋಗಿಬಿಟ್ಟಳು. ಎಲ್ಲಿಗೆಂದು ಇವತ್ತಿಗೂ ಗೊತ್ತಿಲ್ಲ. ಉಳಿದವರಿಗೆ ಬಂಧುಗಳ ಮನೆ ಎಂಬುದು ಭಾಷಣದಲ್ಲಿ ಮಾತ್ರ ಇತ್ತು. ಸ್ಟೋರಿನ ಗೋಡೆಗೆ ಬಣ್ಣ ಬಳಿಯುವವರು ಬಂದು, ಮುದುಕರ ಗಂಟುಗಳನ್ನು ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಸರಿಸುತ್ತ ಕೆಲಸ ಶುರು ಮಾಡಿದರು.

ದ್ರಾಕ್ಷಾಯಣಿಯ ಸ್ವಂತ ಮನೆ ಒಂದು ಕೋಣೆಯದು. ಅವಳ ಹೆಸರಿನಲ್ಲಿದ್ದ ದೊಡ್ಡ ಸೂರು ಮಿಲ್ಲೊಂದೇ. ಅದರ ನಡುವೆ ಯಂತ್ರವಿತ್ತು. ಅವಳು ಹಾಸನದ ವ್ಯಾಪಾರಿಯೊಬ್ಬನಿಗೆ ಹೇಳಿಕಳಿಸಿದಳು.

ದಾಸಯ್ಯನಿಗೆ ಸಿಟ್ಟು ಬಂತು. "ತಲೆ ಕೆಟ್ಟೈತಾ ನಿಮ್ಗೆ? ಮಿಷನ್ ಮಾರ್ಬುಟ್ರೆ ನಾಳೆ ನಮ್ ಜೊತೆ ನೀವೂ ತಟ್ಟೆ ಹಿಡ್ಕಂಡು ಕೂತ್ಕಬೇಕು."

"ಕೂತ್ಕತೀನಿ. ಸರ್ಕಂಡು ಜಾಗ ಕೊಡು."

"ನಾವೇನು ನಿಮ್ಗೆ ನೆಂಟ್ರಾ?"

"ನೆಂಟ್ರನ್ನ ನೋಡಾಯ್ತಲ್ಲ ದಾಸಯ್ಯ."

ವ್ಯಾಪಾರಿಯ ಆಳುಗಳು ಯಂತ್ರ ಬಿಚ್ಚಿ ಲಾರಿಗೆ ಹಾಕಿದರು. ಅವಳು ಮುಳ್ಳು ಹೊಡೆದಿದ್ದ ಕಲ್ಲುಗಳೂ ಹೋದವು. ನೆಲದಲ್ಲಿ ಹುಗಿದಿದ್ದ ಬೋಲ್ಟುಗಳು ಮಾತ್ರ ಕೀಳಲಿಲ್ಲ. ಕತ್ತಲಲ್ಲಿ ಯಾರೂ ಎಡವಬಾರದೆಂದು ಅವಕ್ಕೆ ಹಳೆ ಗೋಣಿ ಸುತ್ತಿ, ಸುತ್ತಲೂ ಚಾಪೆ ಹಾಸಿದರು. ಗೋಡೆಯ ಸಂದಿಯಿಂದ ಎಷ್ಟೋ ದಿನ ಹಿಟ್ಟು ಉದುರುತ್ತಿತ್ತು. ದಾಸಯ್ಯ ಕೆಮ್ಮುತ್ತ, "ಬಿಳೀ ತಲೆ ಮುದ್ಕಿ ಆಗೋ ಸರದಿ ಈಗ ನಮ್ದು" ಎನ್ನುತ್ತಿದ್ದ. ಪಕ್ಕದ ಸ್ಟೋರಿನ ಮುಂದೆ ಶನಿವಾರ ಸಂಜೆ ಕಾರುಗಳು ನಿಲ್ಲುತ್ತಿದ್ದವು. ಬಿಸಿನೀರಿನ ಹಂಡೆಯ ಹೊಗೆ ಈ ಕಡೆಗೇ ಬರುತ್ತಿತ್ತು.

ಯಂತ್ರದಿಂದ ಬಂದ ಹಣ ಕರಗುವವರೆಗೆ, ಆಮೇಲೆ ಅವಳು ಬೇರೆಯವರ ಕಾಫಿ ಕಣದಲ್ಲಿ ಕೂಲಿ ಮಾಡಿ ತಂದದ್ದರಲ್ಲಿ, ಮೂರು ವರ್ಷ, ಅವಳು ಮೊನ್ನೆ ತೀರಿಕೊಳ್ಳುವವರೆಗೂ, ಆ ಒಲೆ ಉರಿಯಿತು. ಶಾಂತಮಲ್ಲಪ್ಪನವರು ಒಮ್ಮೆ ಎರಡು ಮೂಟೆ ಅಕ್ಕಿ ಕಳಿಸಿದ್ದರು. ಅವಳು ಅದೇ ಜೀಪಿನಲ್ಲಿ ವಾಪಸು ಕಳಿಸಿದಳು. ದೇವೀರಮ್ಮನಿಗೆ ಅದು ಸರಿಬರಲಿಲ್ಲ; ಹಸಿದವರ ಮನೆಯಲ್ಲಿ ಅಕ್ಕಿಯ ಮೇಲೆ ಸಿಟ್ಟು ಮಾಡಬಾರದು ಎಂದಳು. ಬಹುಶಃ ದೇವೀರಮ್ಮನ ಮಾತೇ ಸರಿ. ಆದರೆ ದ್ರಾಕ್ಷಾಯಣಿಗೆ ಬೇರೆ ರೀತಿ ಮಾಡಲು ಆಗುತ್ತಿರಲಿಲ್ಲ.

ಯಂತ್ರ ಹೋದ ಹೊಸತರಲ್ಲಿ ಮನೆಯಲ್ಲಿದ್ದ ಹಿಟ್ಟು ಮುಗಿಯಿತು. ಅವಳು ರಾಗಿಯ ಚೀಲ ಹೊತ್ತು ಬಸ್ಸು ಹತ್ತಿ ಸಕಲೇಶಪುರದ ಪೇಟೆಗೆ ಹೋಗಿ, ಅಲ್ಲಿಯ ಮಿಲ್ಲಿನ ಸಾಲಿನಲ್ಲಿ ನಿಂತಳು. ಸರದಿ ಬಂದಾಗ ಮಿಲ್ಲಿನವನು ಗುರುತು ಹಿಡಿದು ಬೆರಗಾದ.

"ಇದೇನಮ್ಮ, ನೀವಿಲ್ಲಿ? ನಿಮ್ದೇ ಮಿಲ್ಲಿತ್ತಲ್ಲ ಆನೇಮಾಲಲ್ಲಿ?"

"ಇತ್ತು. ಅಲ್ಲೀಗ ಜನ ಮಲಗ್ತಾರೆ" ಎಂದಳು ದ್ರಾಕ್ಷಾಯಣಿ. "ಸ್ವಲ್ಪ ಬೇಗ ಬೀಸ್ಕೊಡಿ ಸ್ವಾಮಿ. ಹನ್ನೆರಡು ಗಂಟೆ ಬಸ್ ತಪ್ಪೋದ್ರೆ ಅವ್ರು ಮಧ್ಯಾಹ್ನ ಉಪಾಸ."